ಹೊಳಲ್ಕೆರೆಯ ತಟ್ಟೆ

ಹೊಳಲ್ಕೆರೆಯ ತಟ್ಟೆ ಬರಿದಾಗಿತ್ತು.

ಚಿತ್ರಾ ಮೊಬೈಲಿನ ಪರದೆಯನ್ನು ವೇಲಿನ ತುದಿಯಿಂದ ಒರೆಸಿ ಮತ್ತೊಮ್ಮೆ ನೋಡಿದಳು. ಹಿರಿಯೂರಿನದು ಹಾಗೇ ಇತ್ತು. ಹೊಸದುರ್ಗದ್ದು ಇತ್ತು, ಚಿತ್ರದುರ್ಗದ್ದೂ ಇತ್ತು. ನಾಲ್ಕು ಊರಿನ ಪಾತ್ರೆ ಅಂಗಡಿಗಳಲ್ಲಿ ಕೆತ್ತಿಸಿದ ನಾಲ್ಕು ತಟ್ಟೆಗಳಲ್ಲಿ ಕಳ್ಳ ಬಾಯಿ ಹಾಕಿದ್ದು ಹೊಳಲ್ಕೆರೆಯದಕ್ಕೆ ಮಾತ್ರ.

ಅಣ್ಣ ಗೋವರ್ಧನ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಎದುರು ಕೂತಿದ್ದ ಸುಪ್ರಿಯಾಳಿಗೆ ಆ ನಗು ಹಿಡಿಸಲಿಲ್ಲ.

"ಸಿಕ್ಕ ಅಕ್ಕ," ಎಂದಳು ಚಿತ್ರಾ. "ಇವತ್ತೇ ಹೋಗ್ತೀನಿ."

"ಹೋಗು. ಹೋಗೋಕೆ ಮುಂಚೆ ಆ ಎಚ್ಚರಿಕೆ ಮಾತು ಕಳಿಸು. ಇನ್ನೂ ಎಷ್ಟು ದಿನ ತಡೀತೀಯ?"

ಈ ಎಚ್ಚರಿಕೆಯ ವಿಷಯಕ್ಕೇ ಇಬ್ಬರಿಗೂ ವಾರದಿಂದ ಜಟಾಪಟಿ ನಡೆದಿತ್ತು.

ಗೋವರ್ಧನ ಬಿಟ್‌ಕಾಯಿನ್ ಕಲಿಸುವ ಮುಕ್ತ ತಾಣವೊಂದಕ್ಕೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದ. ಆ ತಾಣ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಬಹುದು, ಗೊತ್ತಿದ್ದವರು ಬರೆದು ಕಳಿಸಬಹುದು, ಕಾಸು ಕೇಳುವ ಹಾಗಿಲ್ಲ. ಕಟ್ಟುಪಾಡು ಒಂದೇ: ಬರೆದವರು ಒಬ್ಬರಾದರೆ ಓದಿ ಒಪ್ಪುವವರು ಇನ್ನೊಬ್ಬರಿರಬೇಕು. ಗೋವರ್ಧನ ಬರೆಯುತ್ತಿದ್ದ, ದುರ್ಗದ ಕಾಲೇಜಿನಲ್ಲಿ ಗಣಿತ ಹೇಳುವ ಸುಪ್ರಿಯಾ ತಿದ್ದಿ ಒಪ್ಪುತ್ತಿದ್ದಳು. ಅವನು ಹೋದ ಮೇಲೆ ಆ ಪಾಠಗಳ ಹೊಣೆ ತಂಗಿಯ ಹೆಗಲಿಗೆ ಬಂತು. ಪಾಠದ ಕೆಳಗೆ ಈಗ ಇರುವುದು ಅವಳ ಹೆಸರು, ಅವಳ ಊರು.

ಅವನ ಪಾಠಗಳಲ್ಲಿ ಒಂದು ತೀರ ಸರಳವಾದದ್ದು. ಬಿಟ್‌ಕಾಯಿನ್ ಖಾತೆಗೆ ಹನ್ನೆರಡು ಪದಗಳೇ ಬೀಗದ ಕೈ. ಪದ ಯಾರಿಗೆ ಗೊತ್ತೋ ದುಡ್ಡು ಅವರದು. ಚೀಟಿಯಲ್ಲಿ ಬರೆದಿಟ್ಟರೆ ಗೆದ್ದಲು ತಿಂದೀತು, ಇಲಿ ಕಡಿದೀತು, ಆದ್ದರಿಂದ ಸ್ಟೀಲಿನ ಮೇಲೆ ಕೆತ್ತಿಡಿ ಎಂದು ಬರೆದಿದ್ದ. ಮೊಳೆ, ಸುತ್ತಿಗೆ ಹಿಡಿದು ಮನೆಯಲ್ಲೇ ಕೆತ್ತುವುದರ ಚಿತ್ರಗಳನ್ನೂ ಹಾಕಿದ್ದ.

ಪಾಪ, ಪಾಠ ಗೊತ್ತಿದ್ದವನಿಗೆ ತನ್ನ ಜನ ಗೊತ್ತಿರಲಿಲ್ಲ. ನಮ್ಮ ಕಡೆ ಸ್ಟೀಲಿನ ಮೇಲೆ ಅಕ್ಷರ ಬೇಕೆಂದರೆ ಯಾರಾದರೂ ಮನೆಯಲ್ಲಿ ಮೊಳೆ ಹಿಡಿಯುತ್ತಾರೆಯೇ? ಮದುವೆಯ ಬಿಂದಿಗೆಯಿಂದ ಹಿಡಿದು ಕೂಸಿನ ಬಟ್ಟಲಿನವರೆಗೆ ಪಾತ್ರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು. ಆದಿವಾಲದ ಹತ್ತಿರದ ಅವರ ಗೊಲ್ಲರಹಟ್ಟಿಯಲ್ಲಿ ಮೂರು ಮನೆಯವರು ಕುರಿ ಮಾರಿದ ದುಡ್ಡನ್ನು ಅವನ ಮಾತು ನಂಬಿ ತೊಡಗಿಸಿದ್ದರು. ಊಟದ ತಟ್ಟೆಯ ಬೆನ್ನಿಗೆ ಆ ಪದಗಳನ್ನು, ಹೆಸರು ಹಾಕಿಸಿದಂತೆಯೇ, ಅಂಗಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಅದನ್ನು ಯಾರ ಹತ್ತಿರವೂ ಆಡಲಿಲ್ಲ. ಮುಚ್ಚಿಟ್ಟರೆಂದಲ್ಲ, ಆಡಬೇಕಾದ ಸಂಗತಿ ಎಂದೇ ಅವರಿಗೆ ತೋಚಲಿಲ್ಲ.

ದುಡ್ಡು ಹೋಯಿತು. ಕಲಿಸಿದವನೇ ಕದ್ದ ಎಂದರು. ಹಟ್ಟಿಯ ಯಜಮಾನ, ಗೋವರ್ಧನನ ಸೋದರಮಾವ ಗೊಲ್ಲಪ್ಪ, ಕಟ್ಟೆಯ ಮುಂದೆ ಎಲ್ಲರ ಎದುರು ಅವನಿಗೆ ಮೆಟ್ಟಿನಲ್ಲಿ ಹೊಡೆದ. ಗೋವರ್ಧನ ತುಟಿ ಪಿಟಕ್ಕೆನ್ನಲಿಲ್ಲ. ಮಾರನೆಯ ದಿನ ಕಾಲುವೆಯಲ್ಲಿ ಅವನ ಹೆಣ ಸಿಕ್ಕಿತು. ಅವ್ವ ಕಾಟಮ್ಮ ಅಂದಿನಿಂದ ಹಟ್ಟಿಯಲ್ಲಿ ತಲೆ ಎತ್ತಿ ನಡೆದಿಲ್ಲ.

ಚಿತ್ರಾಳಿಗೆ ಸುಳಿವು ಸಿಕ್ಕಿದ್ದು ಅಣ್ಣನ ತಿಥಿಯ ದಿನ. ಹಟ್ಟಿಯವರ ಕೈಯಿಂದ ಕೈಗೆ ಬಂದ ಎರವಲು ತಟ್ಟೆಗಳನ್ನು ತೊಳೆದು ಬೋರಲು ಹಾಕುವಾಗ ಒಂದರ ಬೆನ್ನಿನ ಮೇಲೆ ಯಜಮಾನಿಯ ಹೆಸರಿರಬೇಕಾದ ಕಡೆ ಇಂಗ್ಲಿಷ್ ಪದಗಳಿದ್ದವು. ಮೊದಲಿಗೊಂದು ಹೂವು, ಕೊನೆಗೊಂದು ಹೂವು. ಅಂಥ ಹೂವನ್ನು ಹೆಸರು ಕೆತ್ತುವ ಮಿಷನ್ ಇಟ್ಟುಕೊಂಡವನಲ್ಲದೆ ಬೇರೆ ಯಾರೂ ಬಿಡಿಸುವುದಿಲ್ಲ. ಯಾವ ಅಂಗಡಿ ಎಂದು ಕೇಳಹೋದರೆ ಆ ಮನೆಯವರು ಅವಳ ಮುಖದ ಮೇಲೆ ಬಾಗಿಲು ಹಾಕಿದರು. ಕುರಿಮಂದೆಯ ಹಿಂದೆ ನಾಲ್ಕು ತಾಲ್ಲೂಕು ತಿರುಗುವ ಜನ ಅವರು, ಯಾವ ಊರಿನ ಅಂಗಡಿಯಾದರೂ ಆಗಬಹುದಿತ್ತು.

ಚಿತ್ರಾ ಹಿರಿಯೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅನುಮಾನ ಬಂದರೆ ಒಂದೊಂದನ್ನೇ ಬೇರೆ ಮಾಡಿ ನೋಡುವುದು ಅವಳಿಗೆ ರೂಢಿ. ತನ್ನ ಸಂಬಳದ ದುಡ್ಡನ್ನೇ ನಾಲ್ಕು ಖಾತೆಗೆ ಹಂಚಿದಳು, ನಾಲ್ಕು ತಟ್ಟೆ ಕೊಂಡು ನಾಲ್ಕು ಊರಿನಲ್ಲಿ ಪದ ಹಾಕಿಸಿದಳು. ಇಲಿಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಕೂತವರ ಹಾಗೆ ಕಾದಳು.

ಈ ಕಾಯುವುದೇ ಸುಪ್ರಿಯಾಳಿಗೆ ನುಂಗಲಾರದ ತುತ್ತಾಗಿತ್ತು. ಅಂಗಡಿಯಲ್ಲಿ ಕೆತ್ತಿಸಬೇಡಿ, ಯಾರ ಕಣ್ಣಿಗೂ ಬೀಳಿಸಬೇಡಿ ಎಂದು ಎರಡು ಸಾಲು ಪಾಠಕ್ಕೆ ಸೇರಿಸಬೇಕಿತ್ತು. ಬರೆದು ಕಳಿಸಬೇಕಾದವಳು ಚಿತ್ರಾ. ಅವಳು ಕಳಿಸದೆ ಸುಪ್ರಿಯಾ ಒಪ್ಪುವುದಾದರೂ ಏನನ್ನು?

"ಪಾಠ ಇರೋದು ಓದೋರಿಗೆ ಚಿತ್ರಾ, ಕಳ್ಳನ್ನ ಹಿಡಿಯೋಕಲ್ಲ," ಎಂದಳು ಸುಪ್ರಿಯಾ.

"ಎಚ್ಚರಿಕೆ ಹಾಕಿದ್ರೆ ಅವನೂ ಓದ್ತಾನೆ ಅಕ್ಕ. ಓದಿ ಸುಮ್ನೆ ಕುಂತ್ಕಂಡ್ರೆ ನಮ್ಮಣ್ಣ ಕಳ್ಳನಾಗೇ ಉಳೀತಾನೆ. ಸಂಜಿಗೆ ಕಳಿಸ್ತೀನಿ. ಇವತ್ತೊಂದು ದಿನ."

ಸುಪ್ರಿಯಾ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಚಿತ್ರಾ ಚಪ್ಪಲಿ ಮೆಟ್ಟಿ ಹೊರಟಳು.

ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಚಿತ್ರಾಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ಹೊಳಲ್ಕೆರೆ ಬಸ್ಸಿನಲ್ಲಿ ಕೂತು ಅವಳು ದಾರಿಯುದ್ದಕ್ಕೂ ಒಂದನ್ನೇ ನೆನೆದಳು: ಕಳ್ಳನನ್ನು ಪೊಲೀಸರಿಗೆ ಕೊಡುವುದು ಆಮೇಲೆ. ಮೊದಲು ಅವನನ್ನು ಹಟ್ಟಿಗೆ ಎಳೆದೊಯ್ದು ಅದೇ ಕಟ್ಟೆಯ ಮುಂದೆ ನಿಲ್ಲಿಸಬೇಕು. ಗೊಲ್ಲಪ್ಪ ಮಾವನ ಕೈಗೆ ಅದೇ ಮೆಟ್ಟು ಕೊಟ್ಟು, ಈಗ ಹೊಡಿ ಎನ್ನಬೇಕು. ಹೊಡೆದಾದ ಮೇಲೆ, ನಮ್ಮಣ್ಣನಿಗೆ ಹೊಡೆದ ಈ ಕೈಗೆ ಏನು ಶಿಕ್ಷೆ ಮಾವ ಎಂದು ಕೇಳಬೇಕು. ಆ ಘಳಿಗೆಯಲ್ಲಿ ಮಾವನ ಮುಖ ಹೇಗಾದೀತು ಎಂದು ಎಣಿಸಿಕೊಂಡರೇ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಪಂಚಾಕ್ಷರಪ್ಪನ ಪಾತ್ರೆ ಅಂಗಡಿ ಬಸ್‌ಸ್ಟ್ಯಾಂಡಿಗೆ ಹತ್ತಿರವೇ. ಬಾಗಿಲ ಪಕ್ಕದಲ್ಲಿ ನಿಂಗಪ್ಪ ಹೆಸರು ಹಾಕುವ ಮಿಷನ್ನು ಹಿಡಿದು ಕೊಡವೊಂದರ ಮೇಲೆ ಬಗ್ಗಿದ್ದ. ಮಿಷನ್ನು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಗದ್ದಿಗೆಯ ಮೇಲೆ ಹಣೆತುಂಬ ವಿಭೂತಿ ಬಳಿದುಕೊಂಡ ಪಂಚಾಕ್ಷರಪ್ಪ ಕೂತಿದ್ದ.

ಚಿತ್ರಾ ಒಡನೆಯೇ ಒಳಗೆ ಹೋಗಲಿಲ್ಲ. ಎರಡು ಸೌಟು ಕೈಗೆತ್ತಿಕೊಂಡು ಬೆಲೆ ನೋಡುವವಳಂತೆ ನಿಂಗಪ್ಪನನ್ನೇ ನೋಡಿದಳು. ಈ ಮನುಷ್ಯನೇ? ಹಿಂದಿನ ಸಲ ಇಂಗ್ಲಿಷಿನ ಚೀಟಿ ಕೊಟ್ಟಾಗ ಅವನು ಅದನ್ನು ತಲೆಕೆಳಗಾಗಿ ಹಿಡಿದು, ಇದರಾಗೆ ತಲೆ ಯಾವ್ದು ಕಾಲ್ಯಾವ್ದು ಅಂತ ತೋರ್ಸವ್ವ ಎಂದು ಕೇಳಿದ್ದ. ರಂಗೋಲಿ ಬಿಡಿಸುವವರ ಹಾಗೆ ಗೆರೆ ನೋಡಿ ಗೆರೆ ಎಳೆದಿದ್ದ. ಓದಲು ಬಾರದವನು ಪದ ಕದಿಯಲಾರ.

ಇನ್ನೊಂದು ಸಂಗತಿ ಅವಳನ್ನು ಆಗಲೇ ಕುಟುಕಿತ್ತು. ಬೇರೆ ಮೂರು ಊರುಗಳ ತಟ್ಟೆಗಳು ಬರೀ ತಟ್ಟೆಯಾಗಿಯೇ ಕೈಗೆ ಬಂದಿದ್ದವು. ಹೊಳಲ್ಕೆರೆಯದರ ಅಕ್ಷರಗಳ ಸಂದಿನಲ್ಲಿ ಮಾತ್ರ ಬಿಳಿಪುಡಿ ಕೂತಿತ್ತು. ಯಾರೋ ಬೇಕೆಂದೇ ಪುಡಿ ತಿಕ್ಕಿ ಅಕ್ಷರ ಎದ್ದುಕಾಣುವಂತೆ ಮಾಡಿದ್ದರು. ಆ ಪುಡಿ ಎಲ್ಲಿಯದೆಂದು ಈಗ ಪಂಚಾಕ್ಷರಪ್ಪನ ಹಣೆ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಸೌಟು ಕೆಳಗಿಟ್ಟು ನೇರ ಗದ್ದಿಗೆಯ ಮುಂದೆ ಹೋಗಿ ನಿಂತಳು.

"ಬಾರವ್ವ, ಕುಂತ್ಕ. ತಟ್ಟೆ ಸರಿ ಬಂತಾ?" ಎಂದ ಪಂಚಾಕ್ಷರಪ್ಪ.

"ತಟ್ಟೆ ಸರಿ ಐತ್ರಿ. ಅದರಾಗಿದ್ದ ದುಡ್ಡು ಎಲ್ಲಿ ಇಟ್ಟೀರಿ?"

ಅವನು ತಬ್ಬಿಬ್ಬಾಗಿ ಅವಳನ್ನೇ ನೋಡಿದ. ತಟ್ಟೆಯಲ್ಲಿ ದುಡ್ಡು ಎಲ್ಲಿಂದ ಬರಬೇಕು, ತಾನು ಇಸಿದುಕೊಂಡದ್ದು ಕೆತ್ತಿದ ಕೂಲಿ ಮಾತ್ರ ಎಂದ. ಚಿತ್ರಾ ದನಿ ಏರಿಸಲಿಲ್ಲ. ಹಲ್ಲು ಕಚ್ಚಿ, ಒಂದೊಂದೇ ಮಾತು ಇಟ್ಟಳು. ಆ ಪದಗಳು ಏನೆಂದು, ಅವು ಯಾರ ಕೈ ಸೇರಿದರೆ ಏನಾಗುತ್ತದೆಂದು ಹೇಳಿದಳು. ಹಟ್ಟಿಯ ಮೂರು ಮನೆಯ ಕಥೆ ಹೇಳಿದಳು. ಕಾಲುವೆಯ ಹೆಣದ ಕಥೆಯನ್ನೂ ಹೇಳಿದಳು. ಕೊನೆಗೆ, ವಿಭೂತಿ ತಿಕ್ಕಿ ಅಕ್ಷರ ಓದಿದವರು ನೀವೇ, ಇನ್ನು ಯಾವ ದೇವರ ಮೇಲೆ ಆಣೆ ಇಡುತ್ತೀರಿ ಎಂದು ಕೇಳಿದಳು.

ಪಂಚಾಕ್ಷರಪ್ಪ ಬೆವರಲಿಲ್ಲ, ಬೈಯಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, ಕನ್ನಡಕ ಏರಿಸಿ, ಹಳೆಯ ಫೋಟೋಗಳನ್ನು ತೆರೆದು ಅವಳ ಮುಂದೆ ಹಿಡಿದ.

"ಓದಾಕಲ್ಲವ್ವ ತಿಕ್ಕಿದ್ದು. ಫೋಟೋಕ್ಕೆ. ವಿಭೂತಿ ಹಚ್ಚದಿದ್ರೆ ಸ್ಟೀಲು ಬರೀ ಮಿಂಚ್ತದೆ, ಅಕ್ಷರ ಬೀಳಂಗಿಲ್ಲ. ನಮ್ಮಂಗಡಿಲಿ ಆದ ಕೆಲ್ಸಾನೆಲ್ಲ ದಿನಾ ಸ್ಟೇಟಸ್‌ಗೆ ಹಾಕ್ತೀನಿ. ನೋಡಿ ಜನ ಬರ್ತಾರೆ."

ಚಿತ್ರಾ ಬಗ್ಗಿ ನೋಡಿದಳು. ಯಾರದೋ ಮದುವೆಯ ಕೊಳಗ, ಗುಡಿಗೆ ಕೊಟ್ಟ ಗಂಟೆ, ಅದರ ಪಕ್ಕದಲ್ಲಿ ಅವಳ ತಟ್ಟೆ. ಹನ್ನೆರಡು ಪದಗಳೂ ಬೆಳ್ಳಗೆ ಹೊಳೆಯುತ್ತಿದ್ದವು. ಕೆಳಗೆ ಅಂಗಡಿಯ ಹೆಸರು, ಒಂದು ಕೈಮುಗಿದ ಗುರುತು.

ಬೀಗದ ಕೈಯನ್ನು ಬಸ್‌ಸ್ಟ್ಯಾಂಡಿನ ಕಂಬಕ್ಕೆ ನೇತುಹಾಕಿದ್ದ ಪುಣ್ಯಾತ್ಮ. ಕಳ್ಳನಾಗುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ಈ ಮನುಷ್ಯನಿಗೆ ಅದೂ ಇಲ್ಲ ಎನ್ನುವುದು ಅವಳಿಗೆ ಅಲ್ಲೇ ಖಾತ್ರಿಯಾಯಿತು. ದಾರಿಯುದ್ದಕ್ಕೂ ಸಾಕಿಕೊಂಡು ಬಂದ ಸಿಟ್ಟನ್ನು ಯಾರ ಮೇಲೆ ಇಳಿಸುವುದೆಂದು ತಿಳಿಯದೆ ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು.

"ಇಂಥ ತಟ್ಟೆ ನೋಡಿ ಯಾರಾದ್ರೂ ವಿಚಾರಿಸಿದ್ರಾ?" ಎಂದು ಕೇಳಿದಳು.

ಇದ್ದಾರೆ ಎಂದ ಅವನು. ಒಬ್ಬರು ಫೋನು ಮಾಡುತ್ತಾರೆ. ಹೂವಿನ ಡಿಸೈನು ಬಲು ಚೆಂದ, ಅಕ್ಷರ ಸರಿಯಾಗಿ ಕಾಣುವುದಿಲ್ಲ, ಇನ್ನೊಂದು ಫೋಟೋ ಕಳಿಸಿ ಎನ್ನುತ್ತಾರೆ. ಮರ್ಯಾದೆಯಾಗಿ ಮಾತಾಡುವ ಮನುಷ್ಯ. ಹೆಸರು ಕೇಳಿಲ್ಲ, ಗಿರಾಕಿಯ ಜಾತಕ ಕೇಳುತ್ತಾ ಕೂತರೆ ವ್ಯಾಪಾರ ಆಗುತ್ತದೆಯೇ? ಈ ಸಲ ತಟ್ಟೆ ತಂದವರು ಯಾರೆಂದೂ ಅವರು ಕೇಳಿದ್ದರು. ಗುಂಗುರು ಕೂದಲ ಹುಡುಗಿ, ಕನ್ನಡಕ ಹಾಕಿದ್ದಾಳೆ, ಆದಿವಾಲದ ಕಡೆಯವಳಂತೆ ಎಂದು ಪಂಚಾಕ್ಷರಪ್ಪ ಹೇಳಿದ್ದ. ಹೌದಾ, ಸಂತೋಷ ಎಂದಿದ್ದರಂತೆ.

ಚಿತ್ರಾ ಆ ನಂಬರಿಗೆ ಅಲ್ಲಿಂದಲೇ ಫೋನು ಹಚ್ಚಿದಳು. ಸ್ವಿಚ್ ಆಫ್ ಆಗಿತ್ತು.

ಬೆರಳು ಸುಮ್ಮನಿರಲಾರದೆ ಪಂಚಾಕ್ಷರಪ್ಪನ ಮೊಬೈಲಿನಲ್ಲಿ ಮುಂದಿನ ಚಿತ್ರಕ್ಕೆ ಹೋಯಿತು. ಅಲ್ಲಿ ಇನ್ನೊಂದು ತಟ್ಟೆ ಇತ್ತು. ಇನ್ನೊಂದು ಹನ್ನೆರಡು ಪದ. ಅವಳದಲ್ಲ.

"ಇದು ಯಾರ್ದು?"

"ಅದಾ? ಭರಮಸಾಗರದ ತಿಪ್ಪಮ್ಮಂದು. ನೀನು ಬಂದು ಹೋದ ಮಾರನೆ ದಿನ ಬಂದಿದ್ಲು. ಮಗಳು ಮೊಬೈಲಾಗೆ ಪಾಠ ಓದಿ ಕಳಿಸಿದ್ಲಂತೆ."

ಪಾಠದಲ್ಲಿ ಎರಡು ಸಾಲು ಇದ್ದಿದ್ದರೆ ಆ ಹೆಂಗಸು ಈ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಎರಡು ಸಾಲು ಸುಪ್ರಿಯಾಳ ನಾಲಿಗೆಯ ಮೇಲೆ ವಾರದಿಂದ ಕುಣಿಯುತ್ತಿದ್ದವು. ಅವಳ ಬಾಯಿಯನ್ನು ಚಿತ್ರಾಳೇ ಕಟ್ಟಿ ಹಾಕಿದ್ದಳು. ತಿಪ್ಪಮ್ಮನ ನಂಬರು ಕೊಡಿ, ದುಡ್ಡು ಇನ್ನೂ ಇದ್ದರೆ ಬೇರೆ ಕಡೆಗೆ ಹಾಕಿಸೋಣ ಎಂದು ಅವಸರ ಮಾಡಿದಳು.

ನಂಬರಿನ ಅಗತ್ಯ ಬೀಳಲಿಲ್ಲ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಹಿಂದೆ ಮೊಬೈಲು ಹಿಡಿದ ಮಗಳು. ಬಿಸಿಲಿನಲ್ಲಿ ಕೆಲಸ ಮಾಡಿ ಒರಟಾದ ಮುಖ, ಅತ್ತು ಅತ್ತು ಊದಿದ ಕಣ್ಣು. ಪಂಚಾಕ್ಷರಪ್ಪನ ಕಡೆ ತಿರುಗಿಯೂ ನೋಡದೆ ಅವಳು ನೇರ ಚಿತ್ರಾಳ ಹತ್ತಿರ ಬಂದಳು.

"ಆದಿವಾಲದ ಚಿತ್ರಾ ನೀನೇ ಏನು?"

ಚಿತ್ರಾ ಹೌದೆಂದಳು. ತಿಪ್ಪಮ್ಮ ಅವಳ ಮಣಿಕಟ್ಟು ಹಿಡಿದಳು. ಕಳೆ ಕೀಳುವ ಕೈ ಅದು, ಬಿಡಿಸಿಕೊಳ್ಳುವ ಹಾಗಿರಲಿಲ್ಲ.

ದುಡ್ಡು ಹೋಗಿದ್ದು ಅವರಿಗೆ ಬೆಳಿಗ್ಗೆ ಗೊತ್ತಾಗಿತ್ತು. ಮಗಳು ಶಾಲಿನಿ ನರ್ಸಿಂಗ್ ಓದಲೆಂದು ಕೂಲಿಯಲ್ಲಿ ಉಳಿಸಿ ಇಟ್ಟದ್ದು, ಒಂದಿಷ್ಟೂ ಉಳಿದಿರಲಿಲ್ಲ. ಪಾಠ ಬರೆದವರು ಯಾರೆಂದು ಶಾಲಿನಿ ನೋಡಿದಳು. ಹೆಸರು, ಊರು ಎರಡೂ ಇದ್ದವು. ತಿಪ್ಪಮ್ಮ ಬೀಗರ ಕಡೆಯಿಂದ ಆ ಹಟ್ಟಿಯ ಯಜಮಾನನ ನಂಬರು ಹುಡುಕಿ ಗೋಳು ಹೇಳಿಕೊಂಡಳು.

"ದೊಡ್ಡ ಮನುಷ್ಯ ಗೊಲ್ಲಪ್ಪನೋರು," ಎಂದಳು ತಿಪ್ಪಮ್ಮ. "ಹಟ್ಟಿಗೆ ಬರಬ್ಯಾಡ, ಹೊಳಲ್ಕೆರೆ ಪಾತ್ರೆ ಅಂಗಡಿಗೆ ಹೋಗು, ಅವಳು ಇವತ್ತು ಅಲ್ಲಿಗೇ ಬರ್ತಾಳೆ, ಹಿಡ್ದು ಕೂರಿಸ್ಕ ಅಂದ್ರು. ನ್ಯಾಯ ಹೇಳಾಕೆ ಅವ್ರೇ ಹೊಂಟವ್ರೆ."

ನಿಂಗಪ್ಪನ ಮಿಷನ್ನು ನಿಂತಿತು. ಚಿತ್ರಾ ತಿಪ್ಪಮ್ಮನ ಬಾಯನ್ನೇ ನೋಡುತ್ತಾ ನಿಂತಳು.

ಇವತ್ತು ಅವಳು ಹೊಳಲ್ಕೆರೆಗೆ ಬರುತ್ತಾಳೆಂದು ಅವಳಿಗೇ ಗೊತ್ತಾಗಿದ್ದು ಬೆಳಿಗ್ಗೆ, ತಟ್ಟೆ ಬರಿದಾದುದನ್ನು ನೋಡಿದ ಮೇಲೆ. ಹೇಳಿದ್ದು ಸುಪ್ರಿಯಾಳಿಗೆ ಮಾತ್ರ, ಸುಪ್ರಿಯಾ ಗೊಲ್ಲಪ್ಪನ ಮುಖವನ್ನೂ ಕಂಡವಳಲ್ಲ. ನಾಲ್ಕು ಊರುಗಳಲ್ಲಿ ಈ ಊರಿಗೇ ಅವಳು ಬರುತ್ತಾಳೆಂದು ಹೇಳಬಲ್ಲವನು ಒಬ್ಬನೇ: ಈ ಊರಿನ ತಟ್ಟೆಯನ್ನು ಬರಿದು ಮಾಡಿದವನು.

ಮಾವ. ಅಣ್ಣ ಒಂದೊಂದು ಪಾಠ ಬರೆದಾಗಲೂ ತಾಣಕ್ಕೆ ಕಳಿಸುವ ಮುಂಚೆ ಮಾವನ ಕೈಗೇ ಕೊಡುತ್ತಿದ್ದ. ಮಾವ ತಾನೇ ಓದಿ, ಮೊಬೈಲಿನಲ್ಲಿ ಮಾಡಿ ತೋರಿಸಿದರೆ ಇನ್ನು ಎಲ್ಲರಿಗೂ ತಿಳಿದೀತು ಎನ್ನುತ್ತಿದ್ದ. ಕರ್ನಾಟಕದಲ್ಲಿ ಆ ಪಾಠಗಳ ಮೊದಲ ವಿದ್ಯಾರ್ಥಿ ಗೊಲ್ಲಪ್ಪ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದು ಬಂದು ಹೊಲದವನಿಗೇ ಮೆಟ್ಟಿನಲ್ಲಿ ಹೊಡೆದಿತ್ತು.

ಬೋನು ಇಟ್ಟವಳು ತಾನೆಂದು ಅವಳು ಇಷ್ಟು ದಿನ ಬೀಗಿದ್ದಳು. ಕೊಬ್ಬರಿ ಚೂರು ಕಚ್ಚಿ ಒಳಗೆ ಬಂದವಳು ತಾನೇ ಆಗಿದ್ದಳು.

"ಅಮ್ಮಾ, ನನ್ನ ಮಾತು ಕೇಳ್ರಿ," ಎಂದಳು ಚಿತ್ರಾ. "ಕದ್ದಿರೋದು ನಾನಲ್ಲ. ಯಾರು ಅಂತ ಈಗ ಗೊತ್ತಾಯ್ತು. ನೀವು ಈ ಪದಾನ ಅಂಗಡಿಲಿ ಹಾಕಿಸಬಾರ್ದಾಗಿತ್ತು, ಅದ್ರಿಂದ್ಲೇ ಹೋಗಿದ್ದು."

ತಿಪ್ಪಮ್ಮನ ಹಿಡಿತ ಇನ್ನೂ ಬಿಗಿಯಾಯಿತು.

"ಹಾಕಿಸಬಾರ್ದು ಅಂತ ಪಾಠದಾಗೆ ಎಲ್ಲಿ ಬರ್ದೀಯ? ನನ್ ಮಗಳು ಮೂರ್ಸಲ ಓದಿ ಹೇಳ್ಯಾಳೆ. ಎಲ್ಲೂ ಇಲ್ಲ." ತಿಪ್ಪಮ್ಮ ದನಿ ತಗ್ಗಿಸಿ ಕೇಳಿದಳು. "ಇದು ನಿಂಗೆ ಯಾವಾಗ ಗೊತ್ತಾಯ್ತು? ನಾನು ತಟ್ಟೆ ತರೋಕ್ಮುಂಚೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಒಂದೇ ಪದ, ಕೇಳಿಸಿಕೊಳ್ಳುವವರಿಗೂ ಅದರಿಂದ ಸಮಾಧಾನ. ಚಿತ್ರಾ ಬಾಯಿ ತೆರೆದಳು, ಆ ಸುಳ್ಳು ಹೊರಡಲಿಲ್ಲ. ಅಣ್ಣ ಮಾತಾಡದೆ ನಿಂತು ಪೆಟ್ಟು ತಿಂದದ್ದು, ಆಡಿದರೆ ತನ್ನನ್ನು ನಂಬುವವರಿಲ್ಲ ಎಂಬ ಸಂಕಟಕ್ಕೆ. ಈ ಹೆಂಗಸು ನಂಬಲಿಕ್ಕೆಂದೇ ಕೇಳುತ್ತಿದ್ದಳು. ಅವಳ ಊದಿದ ಕಣ್ಣು ನೋಡಿ ಚಿತ್ರಾಳಿಗೆ ತನ್ನ ಅವ್ವನ ಎದುರು ನಿಂತಂತೆ ನಾಚಿಕೆಯಾಯಿತು.

"ಗೊತ್ತಿತ್ತು," ಎಂದಳು. "ನನಗೆ ಮೊದ್ಲೇ ಗೊತ್ತಿತ್ತು ಅಮ್ಮ. ಬೇಕಂತ್ಲೇ ಬರೀಲಿಲ್ಲ. ಬರೆದ್ರೆ ಕಳ್ಳ ತಪ್ಪಿಸ್ಕೊಂತಾನೆ ಅಂತ."

ತಿಪ್ಪಮ್ಮ ಕೈ ಬಿಟ್ಟಳು. ಅಮ್ಮನ ಬೆನ್ನ ಹಿಂದೆ ಅಷ್ಟು ಹೊತ್ತೂ ನಿಂತಿದ್ದ ಶಾಲಿನಿ ಎದೆಯ ಹತ್ತಿರ ಹಿಡಿದಿದ್ದ ಮೊಬೈಲನ್ನು ಕೆಳಗಿಳಿಸಿ, ರೆಕಾರ್ಡಿಂಗ್ ನಿಲ್ಲಿಸಿದಳು.

"ಸಾಕವ್ವ ಬಾ, ಕುಂತ್ಕಳಾಣ," ಎಂದಳು ಶಾಲಿನಿ. "ಮೊದ್ಲೇ ಗೊತ್ತಿತ್ತು ಅನ್ನೋ ಮಾತೊಂದು ಅವಳ ಬಾಯಿಂದ ಹೊರಡಿಸಿದ್ರೆ ಸಾಕು, ಉಳಿದದ್ದು ನಾನು ನೋಡ್ಕಂತೀನಿ ಅಂದಿದ್ರು ಗೊಲ್ಲಪ್ಪನೋರು."